ಬಿಳಿ ಮಲಮಲ್ಲಿನ ಲಂಗ

ನಮ್ಮ ಗಜೇಂದ್ರಗಡದಲ್ಲಿ ಯಾರಾದರೂ ಬಿಳಿ ಮಲಮಲ್ಲನ್ನು ಗಜಗಟ್ಟಲೆ ಕೇಳಿದರೆ ಬಟ್ಟೆ ಅಂಗಡಿಯವರು ಚೌಕಾಸಿ ಮಾಡುವುದಿಲ್ಲ. ಬಾಬುಸಾಬನೂ ಮಾಡಲಿಲ್ಲ. ಕೈಯಲ್ಲಿದ್ದ ಗಜಪಟ್ಟಿ ಕೆಳಗಿಟ್ಟು, ದನಿ ಇಳಿಸಿ, "ಯಾರು ಹೋದ್ರು ಭಾಬಿ?" ಎಂದು ಕೇಳಿದ.

"ಯಾರೂ ಹೋಗಿಲ್ಲೋ ಖೋಡಿ! ನಿನ್ನ ಬಾಯಾಗ ಮಣ್ಣು ಬೀಳಲಿ. ನಾಟಕದಾಕಿಗೆ ಲಂಗ ಹೊಲಿಯಾಕ ಬೇಕು."

"ಒಂದ ಲಂಗಕ್ಕ ಇಡೀ ಥಾನ? ಉಡಾಕಿ ಏನು ಆನಿ ಐತೇನ್ರಿ?"

ಸತ್ತವರಿಗಲ್ಲ ಎಂದು ಗೊತ್ತಾದ ಮೇಲೆ ಆ ಭಾಡ್ಯಾ ಒಂದೊಂದು ಗಜಕ್ಕೂ ನನ್ನ ಜೀವ ಹಿಂಡಿದ. ನಾನೇನು ಬಿಡುವವಳಲ್ಲ. ಅಂಗಡಿ ಮುಂದೆ ಜನ ನಿಂತು ನೋಡುವ ಹಾಗೆ ಜಗಳ ಮಾಡಿ, ಥಾನನ್ನು ಬಗಲಲ್ಲಿ ಹಿಡಿದುಕೊಂಡು ಮನೆಗೆ ಬಂದೆ.

ನನ್ನ ಹೆಸರು ರಮಜಾನಬಿ. ಗಂಡ ನಜೀರಸಾಬರು ನಾಟಕದ ಡ್ರೆಸ್ಸು ಹೊಲಿಯುವ ದರ್ಜಿ. ಅಂದರೆ ಕತ್ತರಿಸುವವರು ಅವರು, ಹೊಲಿಯುವವಳು ನಾನು, ಬೋರ್ಡಿನ ಮೇಲೆ ಹೆಸರು ಮಾತ್ರ ಅವರದು. ರೋಣ, ನರಗುಂದ, ಗಜೇಂದ್ರಗಡದ ಸುತ್ತಲ ಯಾವ ಹಳ್ಳಿಯಲ್ಲಿ ದುರ್ಯೋಧನ ತೊಡೆ ತಟ್ಟಿದರೂ ಆ ತೊಡೆಯ ಮೇಲಿನ ಮಖಮಲ್ಲು ನಮ್ಮ ಮನೆಯದು ಎಂದು ಅವರು ಒಂದು ಕಾಲದಲ್ಲಿ ಜಂಬ ಕೊಚ್ಚಿಕೊಳ್ಳುತ್ತಿದ್ದರು. ನಾನು ಹೇಳುತ್ತಿರುವ ಎರಡು ಸಾವಿರದ ನಾಲ್ಕನೆಯ ಇಸವಿಗೆ ದುರ್ಯೋಧನನನ್ನು ಕೇಳುವವರೇ ಇರಲಿಲ್ಲ. ಮನೆಮನೆಗೆ ಟಿ.ವಿ. ಬಂದಿತ್ತು. ನಮ್ಮ ಕಿರೀಟಗಳು ಟ್ರಂಕಿನಲ್ಲಿ ಇಲಿಗಳ ಜೊತೆ ಸಂಸಾರ ಮಾಡುತ್ತಿದ್ದವು. ಆಗಾಗ ಕೆಲಸ ಕೊಡುತ್ತಿದ್ದದ್ದು ಹುಚ್ಚಪ್ಪನವರ ನಾಟಕ ಕಂಪನಿ ಒಂದೇ. ಹಾಳೂರಿಗೆ ಉಳಿದವನೇ ಗೌಡ ಎನ್ನುವಂತೆ ಅವರೇ ಈ ಸೀಮೆಗೆ ದೊಡ್ಡ ಮಾಲೀಕರಾಗಿದ್ದರು. ನರಗುಂದದ ಗುಡ್ಡದ ಬುಡದಲ್ಲಿ ತಗಡಿನ ಥಿಯೇಟರು ಎಬ್ಬಿಸಿ, ದಿನಕ್ಕೆ ಎರಡು ಆಟ ಆಡಿಸುತ್ತಿದ್ದರು. ಅವರಿಗೆ ಹೆಸರು ಬಂದದ್ದು ಟ್ರಿಕ್ ಸೀನಿನಿಂದ. ಮೂರನೆಯ ಅಂಕದಲ್ಲಿ ಸಾಹುಕಾರನ ಮನೆಗೆ ಬೆಂಕಿ ಬೀಳುತ್ತಿತ್ತು. ಕೆಂಪು ಕಾಗದ, ಫ್ಯಾನು, ಹೊಗೆ, ಒಂದಿಷ್ಟು ಸೀಮೆಎಣ್ಣೆ ಚಿಂದಿ ಸೇರಿಸಿ ಖರೇ ಮನೆ ಉರಿದಂತೆಯೇ ತೋರಿಸುತ್ತಿದ್ದರು. ಜನ ಅದನ್ನು ನೋಡಲೆಂದೇ ಬರುತ್ತಿದ್ದರು.

ಆ ಕಂಪನಿಯಲ್ಲಿ ಕುಣಿಯುವವಳು ಭಾರತಿ. ಲಕ್ಕಲಕಟ್ಟಿಯ ಅಡಿವೆವ್ವನ ಮಗಳು. ಪರಕಾರ ಉಡುವ ವಯಸ್ಸಿಗೇ ಕಂಪನಿ ಸೇರಿದವಳು. ಅವಳ ಮೊದಲ ರವಿಕೆ ಹೊಲಿದದ್ದು ನಾನು. ಆಮೇಲೆ ವರ್ಷ ವರ್ಷ ಹೊಲಿಗೆ ಬಿಚ್ಚಿ ದೊಡ್ಡದು ಮಾಡಿಕೊಟ್ಟವಳೂ ನಾನೇ. ನನಗೆ ಹೆಣ್ಣುಮಕ್ಕಳಿಲ್ಲ. ಅವಳು ಚಾಚಿ ಎನ್ನುತ್ತ ಬಂದು ನಮ್ಮ ಕಟ್ಟೆಯ ಮೇಲೆ ಕುಳಿತರೆ ನಾನು ಬೈಯುತ್ತ ಚಹಾ ಕೊಡುತ್ತಿದ್ದೆ. ಬೈಯದೆ ಕೊಟ್ಟರೆ ಅವಳಿಗೆ ರುಚಿ ಹತ್ತುತ್ತಿರಲಿಲ್ಲ.

ಆ ದಿನ ಅವಳು ಒಬ್ಬಳೇ ಬರಲಿಲ್ಲ. ಕಂಪನಿಯ ಪರದೆ ಪೇಂಟರು ಉಮೇಶನನ್ನು ಕರೆದುಕೊಂಡು ಬಂದಳು. ಅವನ ಕೈಯಲ್ಲಿ ಒಂದು ದಪ್ಪ ಇಂಗ್ಲಿಷ್ ಪುಸ್ತಕವಿತ್ತು. ಹುಬ್ಬಳ್ಳಿಯ ರದ್ದಿ ಅಂಗಡಿಯಲ್ಲಿ ಸಿಕ್ಕದ್ದಂತೆ. ಪರದೆಯ ಮೇಲೆ ಕಾಡು ಬರೆಯಲು ಚಿತ್ರ ಹುಡುಕುತ್ತಿದ್ದವನಿಗೆ ಅದರಲ್ಲಿ ಕಾಡಿನ ಜೊತೆ ಒಬ್ಬ ಹುಡುಗಿಯೂ ಸಿಕ್ಕಿದ್ದಳು. ಮೈಗೆ ಅಂಟಿದ ಕುಪ್ಪಸ, ಬರೀ ಹೆಗಲು, ತಲೆಯ ಮೇಲೆ ಹೂವಿನ ದಂಡೆ, ಬೆನ್ನಿಗೆ ಪಾತರಗಿತ್ತಿಯ ಹಾಗೆ ಎರಡು ಸಣ್ಣ ರೆಕ್ಕೆ. ಸೊಂಟದಿಂದ ಕೆಳಗೆ ಗಂಟೆಯ ಆಕಾರದಲ್ಲಿ ಉಬ್ಬಿ, ಮೀನಖಂಡದ ಹತ್ತಿರ ನಿಂತ ಬಿಳಿ ಲಂಗ. ಅವಳು ನಿಂತಿದ್ದದ್ದು ಕಾಲಬೆರಳಿನ ತುದಿಯ ಮೇಲೆ.

"ಯವ್ವ, ಈಕಿಗೆ ನೆಲಾ ಸುಡ್ತೈತೇನು?" ಎಂದೆ ನಾನು.

ಭಾರತಿ ನಗಲಿಲ್ಲ. "ಚಾಚಿ, ನನಗ ಇದ ಲಂಗ ಬೇಕು" ಎಂದಳು.

ಉಮೇಶ ಪುಸ್ತಕವನ್ನು ತಡವರಿಸಿಕೊಂಡು ಓದಿ ಅರ್ಥ ಹೇಳಿದ. ಸುಮಾರು ನೂರಾ ಎಪ್ಪತ್ತು ವರ್ಷದ ಹಿಂದಿನ ಫ್ರಾನ್ಸ್ ದೇಶದ ಕಥೆ. ಅದಕ್ಕೂ ಮೊದಲು ಅಲ್ಲಿನ ಕುಣಿತದವರು ರಾಜರ ಮನೆಯ ರೇಷ್ಮೆ, ಜರಿ, ಬೆತ್ತದ ಬಳೆ ಹಾಕಿ ಉಬ್ಬಿಸಿದ ಲಂಗ, ಹಿಮ್ಮಡಿಯ ಬೂಟು ಎಲ್ಲ ಹೊತ್ತುಕೊಂಡು ಕುಣಿಯುತ್ತಿದ್ದರಂತೆ. ಆಮೇಲೆ ಒಂದು ಕಾಲ ಬಂತು. ಜನಕ್ಕೆ ರಾಜರ ಕಥೆ ಸಾಕಾಗಿ, ಕಾಡಿನ ಯಕ್ಷಿಯರು, ನೀರಿನ ಕನ್ಯೆಯರು, ಮದುವೆಗೆ ಮುಂಚೆ ಸತ್ತು ಬೆಳದಿಂಗಳಲ್ಲಿ ಕುಣಿಯುವ ಮದುಮಕ್ಕಳು ಬೇಕಾದರು. ಅದೇ ಹೊತ್ತಿಗೆ ಥಿಯೇಟರಿಗೆ ಗ್ಯಾಸಿನ ದೀಪ ಬಂತು. ದೀಪ ಸಣ್ಣ ಮಾಡಿದರೆ ರಂಗದ ಮೇಲೆ ಬೆಳದಿಂಗಳು. ಆ ಬೆಳಕಿನಲ್ಲಿ ಜರಿ ಮಂಕಾಗುತ್ತದೆ, ಬಿಳಿ ತೇಲುತ್ತದೆ. ಹಾಗಾಗಿ ತೆಳ್ಳಗಿನ ಬಿಳಿ ಬಟ್ಟೆಯನ್ನು ಪದರದ ಮೇಲೆ ಪದರ ಹಾಕಿ ಲಂಗ ಹೊಲಿದರು. ಸ್ಯಾಟಿನ್ ಚಪ್ಪಲಿಯ ತುದಿಗೆ ದಾರದಿಂದ ರಫೂ ಹಾಕಿ ಗಟ್ಟಿ ಮಾಡಿಕೊಂಡು ಬೆರಳ ತುದಿಯಲ್ಲಿ ನಿಂತರು. ನೋಡುವವರಿಗೆ ಹೆಣ್ಣಿನ ಮೈಗೆ ತೂಕವೇ ಇಲ್ಲ ಎನಿಸಬೇಕು, ಲಂಗದ ಕೆಲಸವೆಲ್ಲ ಅದೇ ಎಂದ.

ನಜೀರಸಾಬರು ಕನ್ನಡಕ ಏರಿಸಿ ಚಿತ್ರದ ಮೇಲೆ ಬಗ್ಗಿದ್ದರು. "ಬಟ್ಟಿ ಒಳಗ ಗಾಳಿ, ಕೆಳಗ ಗ್ಯಾಸಿನ ದೀಪ. ಸುಟ್ಟಕೊಳ್ಳಲಿಲ್ಲೇನು?" ಎಂದು ಕೇಳಿದರು.

ಉಮೇಶ ಭಾರತಿಯ ಮುಖ ನೋಡಿ ಪುಟ ತಿರುವಿದ. "ಭಾಳ ಮಂದಿ ಸುಟ್ಟಕೊಂಡಾರ ಚಾಚಾ. ಅದಕ್ಕ ಸರಕಾರದವ್ರು, ಬಟ್ಟಿ ಫಟಕಡಿಯಂಥಾ ದವಾ ನೀರಾಗ ಅದ್ದಿ ಹಾಕ್ಕೋರಿ ಅಂತ ಕಾಯ್ದೆ ಮಾಡಿದ್ರಂತ. ಅದ್ದಿದ್ರ ಲಂಗ ಮಾಸಿದಂಗ ಕಾಣ್ತಿತ್ತು, ಬಿರುಸ ಆಗ್ತಿತ್ತು. ಕುಣಿಯಾವ್ರು ಒಲ್ಲೆ ಅಂದ್ರು. ಹಂಗ ಒಲ್ಲೆ ಅಂದಾಕಿ ಒಬ್ಬಾಕಿ ತಾಲೀಮಿನಾಗ ದೀಪಕ್ಕ ಲಂಗ ತಾಗಿಸಿಕೊಂಡು, ತಿಂಗಳಗಟ್ಟಲೆ ನರಳಿ ಸತ್ಲಂತ."

"ಹುಚ್ಚರಂಡೇರು" ಎಂದೆ. ಸುಟ್ಟವರ ಮೇಲೆ ಸಿಟ್ಟು ಬಂದದ್ದಲ್ಲ. ನನಗೆ ಹೆದರಿಕೆಯಾದರೆ ಬಾಯಿಂದ ಬೈಗುಳವೇ ಬರುವುದು.

ಭಾರತಿಗೆ ಆ ಲಂಗ ಯಾಕೆ ಬೇಕಾಗಿತ್ತು ಎಂಬುದನ್ನು ಹೇಳಬೇಕು. ನಮ್ಮ ಕಡೆಯ ನಾಟಕದಲ್ಲಿ ಒಂದು ಪದ್ಧತಿ ಇದೆ. ಹಾಡು ಮನಸ್ಸಿಗೆ ಬಂದರೆ ಜನ ‘ವನ್ಸ್ ಮೋರ್’ ಎಂದು ಕೂಗುತ್ತಾರೆ. ಕೂಗಿದರೆ ಮತ್ತೆ ಮೊದಲಿಂದ ಮಾಡಿ ತೋರಿಸಬೇಕು. ಹಾಡುತ್ತ ಸತ್ತ ರಾಜನೂ ಎದ್ದು ಕುಳಿತು, ಇನ್ನೊಮ್ಮೆ ಹಾಡಿ ಇನ್ನೊಮ್ಮೆ ಸಾಯಬೇಕು. ಅದು ಕಲಾವಿದರಿಗೆ ಜನ ಕೊಡುವ ಮರ್ಯಾದೆ. ಭಾರತಿಗೆ ಅದು ಒಮ್ಮೆಯೂ ಸಿಕ್ಕಿರಲಿಲ್ಲ. ಅವಳು ಬಂದರೆ ಸೀಟಿ ಬೀಳುತ್ತಿತ್ತು, ಚಿಲ್ಲರೆ ಬೀಳುತ್ತಿತ್ತು, ಬಾಯಿಗೆ ಬಂದ ಹೊಲಸು ಮಾತು ಬೀಳುತ್ತಿತ್ತು.

"ಸೀಟಿ ನನ್ನ ಸೊಂಟಕ್ಕ ಹೊಡೀತಾರ ಚಾಚಿ. ನನ್ನ ಕುಣಿತಕ್ಕ ಒಮ್ಮೆರ ವನ್ಸ್ ಮೋರ್ ಅನ್ನಲಿ. ಒಮ್ಮೆ ಅಂದ್ರ ಸಾಕು."

ಈಗ ಸೀಟಿಯೂ ಕಡಿಮೆಯಾಗಿತ್ತು. ಕ್ಯಾಸೆಟ್ ಹಚ್ಚಿ ಸಿನಿಮಾ ಹಾಡಿಗೆ ಕುಣಿಯುವ ರೆಕಾರ್ಡ್ ಡ್ಯಾನ್ಸಿನ ಹುಡುಗಿಯರನ್ನು ಹೊರಗಿನಿಂದ ಕರೆಸಲು ಹುಚ್ಚಪ್ಪನವರು ಮಾತಾಡಿ ಬಂದಿದ್ದರು. ನರಗುಂದದ ಕ್ಯಾಂಪು ಮುಗಿದರೆ ಭಾರತಿಗೆ ಪಾತ್ರವಿಲ್ಲ. ಅವಳು ಅವರ ಕಾಲು ಹಿಡಿದು ಒಂದು ಅವಕಾಶ ಕೇಳಿದ್ದಳು. ಎರಡನೆಯ ಅಂಕದಲ್ಲಿ ನಾಯಕ ಸತ್ತುಹೋದ ತನ್ನ ಮದುಮಗಳನ್ನು ಕನಸಿನಲ್ಲಿ ಕಾಣುತ್ತಾನೆ. ಅಲ್ಲಿ ಅವಳದೇ ಒಂದು ಕುಣಿತ, ಅವಳಿಗೆ ಬೇಕಾದ ಹಾಗೆ. ಜನ ಒಪ್ಪಿದರೆ ಮುಂದಿನ ಕ್ಯಾಂಪಿಗೂ ಅವಳೇ. ಒಪ್ಪದಿದ್ದರೆ ಅವಳು ತಮ್ಮನ ಹಿಂದೆ ಮಂಗಳೂರಿಗೆ ಇಟ್ಟಂಗಿ ಹೊರಲು ಹೋಗಬೇಕು. ಕುಣಿತ ಬಿಟ್ಟು ಅವಳಿಗೆ ಬೇರೆ ಏನೂ ಬರುತ್ತಿರಲಿಲ್ಲ. ಒಂದು ಹಿಡಿ ರೊಟ್ಟಿ ಹಿಟ್ಟು ನಾದಲೂ ಬಾರದು ಆ ಮೂಳಿಗೆ.

ಹೊಲಿದೆವು. ನಜೀರಸಾಬರು ಸುತ್ತಳತೆ ಕತ್ತರಿಸಿದರು, ನಾನು ನೆರಿಗೆ ಹಿಡಿದೆ, ಅವಳ ಚಪ್ಪಲಿಯ ತುದಿಗೆ ರಫೂ ಹಾಕಿದೆ. ಮಷಿನ್ನಿನ ಮುಂದೆ ಕುಳಿತರೆ ಬಿಳಿ ಬಟ್ಟೆಯ ರಾಶಿಯಲ್ಲಿ ನಾನೇ ಕಾಣುತ್ತಿರಲಿಲ್ಲ. ನೆರೆಮನೆಯ ಹಸನಬಿ ಬಾಗಿಲಲ್ಲಿ ನಿಂತು, "ಇದನ್ನ ಉಟ್ಟು ಮನಿ ಬಾಗಲಾ ದಾಟಾಕ ಆಗ್ತೈತೇನು?" ಎಂದು ಕೇಳಿದಳು. ಆಗುತ್ತಿರಲಿಲ್ಲ. ಭಾರತಿ ಉಟ್ಟು ನೋಡುವಾಗ ಬಾಗಿಲಲ್ಲಿ ಸಿಕ್ಕಿಕೊಂಡು ಅಡ್ಡಡ್ಡ ನುಸುಳಿ ಒಳಗೆ ಬಂದಳು. ಬಂದವಳು ಒಳಗಿನ ಕಟ್ಟೆಯ ಮೇಲಿದ್ದ ಸೂಜಿ ಡಬ್ಬಿ ಒಂದನ್ನು, ಚಹಾದ ಬಟ್ಟಲು ಒಂದನ್ನು ಲಂಗದಿಂದಲೇ ಉರುಳಿಸಿದಳು. ಅವಳಿಗೆ ಗೊತ್ತೇ ಆಗಲಿಲ್ಲ. ಹುಟ್ಟಿದಾಗಿನಿಂದ ಸೀರೆ, ಪರಕಾರ ಉಟ್ಟವಳು. ಅವಳ ಮೈ ಎಲ್ಲಿ ಮುಗಿಯುತ್ತದೆ ಎಂದು ಅವಳ ಕಾಲಿಗೆ ಗೊತ್ತಿತ್ತು. ಈ ಲಂಗ ಮೈ ಮುಗಿದ ಮೇಲೂ ಒಂದು ಮೊಳ ಮುಂದೆ ಹೋಗುತ್ತಿತ್ತು.

"ನಿನ್ನ ಹಿಂದ ಒಬ್ಬ ಆಳ ಇಡಬೇಕವ್ವ, ಬಿದ್ದದ್ದು ಆರಿಸಾಕ" ಎಂದು ನಕ್ಕೆವು. ಎಲ್ಲರೂ ನಕ್ಕೆವು.

ಲಂಗವನ್ನು ಫಟಕಡಿ ನೀರಿನಲ್ಲಿ ಅದ್ದುವುದು ನನ್ನದೇ ಹಟ. ಹಜಾಮರು ಗಲ್ಲಕ್ಕೆ ತಿಕ್ಕುವ ಫಟಕಡಿಯನ್ನೇ ಜಜ್ಜಿ, ಬಿಸಿನೀರಿಗೆ ಹಾಕಿ ಕರಗಿಸಿದೆ. ಮೊದಲು ಎರಡು ಚೂರು ಬಟ್ಟೆ ತೆಗೆದುಕೊಂಡು ಭಾರತಿಯ ಕಣ್ಣ ಮುಂದೆಯೇ ಕಡ್ಡಿ ಗೀರಿದೆ. ಅದ್ದದ ಚೂರು ಭಗ್ ಎಂದು ಎದ್ದು, ನಾನು ಬೆರಳು ಹಿಂದೆ ಎಳೆಯುವಷ್ಟರಲ್ಲಿ ಇಲ್ಲವಾಯಿತು. ಅದ್ದಿದ ಚೂರು ಕರಿದಾಗಿ ಸುರುಟಿಕೊಂಡು ಅಲ್ಲಿಗೇ ನಿಂತಿತು.

"ನೋಡಿದ್ಯಾ?"

"ನೋಡಿದೆ ಚಾಚಿ."

"ಕಣ್ಣೀಲೆ ನೋಡಿದ್ರ ಆತಿಲ್ಲ, ತಲಿಯಾಗ ಇಟ್ಕೋ."

ಲಂಗ ಅದ್ದಿ, ಹಿಂಡದೆ ನೆರಳಿಗೆ ಒಣಗಿಸಿದೆ. ಒಣಗಿದ ಮೇಲೆ ಬಿಚ್ಚಿ ಹಿಡಿದು ನೋಡಿದೆ. ಪುಸ್ತಕದಲ್ಲಿದ್ದ ಮಾತು ಖರೇ ಆಗಿತ್ತು. ಬಿಳುಪು ಹೋಗಿ ಬೂದಿ ಉದುರಿಸಿದ ಬಣ್ಣ ಬಂದಿತ್ತು. ಭಾರತಿ ಉಟ್ಟು ಗಿರ್ರನೆ ತಿರುಗಿದಳು, ಲಂಗ ಏಳಲಿಲ್ಲ. ಒಂದು ಸುತ್ತು ಹಿಂದೆ ಬಿದ್ದು, ಅವಳು ನಿಂತ ಮೇಲೆ ಬಂದು ಸೇರಿತು. ಅವಳು ಇನ್ನೊಮ್ಮೆ ತಿರುಗಿದಳು. ಮಡಚಿ ಗಂಟು ಕಟ್ಟಿಕೊಂಡಳು. ಅವಳು ಜಗಳ ಮಾಡಿದ್ದರೆ ನಾನೂ ಜಗಳ ಮಾಡಿ ಗೆಲ್ಲುತ್ತಿದ್ದೆ. ಅವಳು, "ಇರಲಿ ಬಿಡ್ರಿ, ಜೀವಾ ದೊಡ್ಡದಲ್ಲೇನು" ಎಂದುಬಿಟ್ಟಳು. ಬಸ್ಸು ಹತ್ತಿಸುವಾಗ ನಾನು ಮತ್ತೆ ಮತ್ತೆ ಹೇಳಿದೆ, "ನೀರ ಮುಟ್ಟಸಬ್ಯಾಡ ಅದಕ್ಕ. ತೊಳದ್ರ ದವಾ ಎಲ್ಲಾ ಹೋಗ್ತೈತಿ."

"ಹೂಂ ಚಾಚಿ, ಎಷ್ಟ ಸಲ ಹೇಳ್ತೀರಿ" ಎಂದಳು.

ಹೊಸ ಕುಣಿತದ ದಿನ ನಾನೂ ನಜೀರಸಾಬರೂ ರೋಣದ ಮೇಲಿಂದ ಬಸ್ಸು ಬದಲಿಸಿ ನರಗುಂದಕ್ಕೆ ಹೋದೆವು. ಸಂಜೆಯ ಮೊದಲ ಆಟ. ಒಳಗೆ ಹೋಗಿ ಅವಳನ್ನು ನೋಡಬೇಕೆಂದರೆ ಹುಚ್ಚಪ್ಪನವರು ಬಿಡಲಿಲ್ಲ. "ಬಣ್ಣಾ ಹಚ್ಚಾಕ ಕುಂತಾಳ ಅವ್ವಾರ, ಆಟ ಮುಗದ ಮ್ಯಾಲ ಎಷ್ಟರ ಮಾತಾಡ್ರಿ" ಎಂದು ಮುಂದಿನ ಸಾಲಿನಲ್ಲಿ ಕೂರಿಸಿದರು. ಥಿಯೇಟರು ಅರ್ಧ ತುಂಬಿತ್ತು. ಮೂರನೆಯ ಅಂಕದ ಬೆಂಕಿಗಾಗಿ ಬಂದವರೇ ಹೆಚ್ಚು.

ಎರಡನೆಯ ಅಂಕ. ಉಮೇಶ ಬರೆದ ಕಾಡಿನ ಪರದೆ ಇಳಿಯಿತು. ನೀಲಿ ಲೈಟು ಬಂತು. ಭಾರತಿ ಕಾಡಿನ ಮುಂದೆ ಬಂದು ನಿಂತಳು. ಗೆಜ್ಜೆ ಇರಲಿಲ್ಲ. ಹಾರ್ಮೋನಿಯಂ ಒಂದೇ ಸಣ್ಣಗೆ ಹೊರಟಿತು. ಅವಳು ಕೈ ಎತ್ತಿ, ನಾನು ರಫೂ ಹಾಕಿದ ಚಪ್ಪಲಿಯ ತುದಿಯ ಮೇಲೆ ಎದ್ದಳು. ನಿಂತಿದ್ದು ಒಂದು ಗಳಿಗೆಯೂ ಇರಲಿಕ್ಕಿಲ್ಲ. ಆದರೆ ನಿಂತಳು. ತಿರುಗಿದಳು. ಲಂಗ ಎದ್ದಿತು.

ಎಷ್ಟು ಚಂದ ಎದ್ದಿತು ಎಂದರೆ, ನನ್ನ ಬಾಯಿಂದ ಮೊದಲು ಬಂದದ್ದು ವಾಹ್ ಎಂಬ ಮಾತು. ಆಮೇಲೆ ನೆರಿಗೆಯನ್ನೇ ದಿಟ್ಟಿಸಿ ನೋಡಿದೆ. ಫಟಕಡಿ ಹಾಕಿದ ಲಂಗ ಹಾಗೆ ಏಳುವುದಿಲ್ಲ. ಅದರ ಬಿಳುಪಿನಲ್ಲಿ ತಿಳಿ ನೀಲಿ ಇತ್ತು. ಅವಳು ಅದನ್ನು ತೊಳೆದು, ಬಟ್ಟೆಗೆ ಹಾಕುವ ನೀಲಿ ಹಾಕಿ ಒಣಗಿಸಿದ್ದಳು.

"ತೊಳದಾಳ" ಎಂದೆ ನಜೀರಸಾಬರಿಗೆ.

"ಸುಮ್ಮನಿರು, ಎಲ್ಲಾ ಕರೆಂಟಿನ ಲೈಟ ಅದಾವ" ಎಂದರು ಅವರು. ಅದೂ ಖರೇ. ಅಲ್ಲಿ ಉರಿಯುವ ದೀಪ ಒಂದೂ ಇರಲಿಲ್ಲ. ಜನರೂ ಸುಮ್ಮನಿದ್ದರು. ಸೀಟಿ ಇರಲಿಲ್ಲ. ನಮ್ಮ ಹಿಂದೆ ಒಬ್ಬ ಕಡಲೆಕಾಯಿ ಸುಲಿಯುವುದನ್ನು ನಿಲ್ಲಿಸಿ ಬಾಯಿ ತೆರೆದು ನೋಡುತ್ತಿದ್ದ. ಆಗಲಿ ಬಿಡು, ಈ ಹುಚ್ಚಿ ಗೆದ್ದಳು, ಆಟ ಮುಗಿದ ಮೇಲೆ ಮೊದಲು ಬೈದು ಆಮೇಲೆ ಅಪ್ಪಿಕೊಳ್ಳೋಣ ಎಂದುಕೊಂಡೆ.

ಕರೆಂಟು ಹೋಯಿತು.

ಆ ವರ್ಷ ಸಂಜೆಯಾದರೆ ಕರೆಂಟು ಹೋಗುವುದು ಹೊಸದೇನಲ್ಲ. ಜನರೇಟರು ಕೆಟ್ಟು ಕೂತಿತ್ತು. ಹಾಗಾದಾಗ ಆಟ ನಿಲ್ಲಿಸಬಾರದು, ನಿಲ್ಲಿಸಿದರೆ ಜನ ಎದ್ದು ಹೋಗುತ್ತಾರೆ ಎಂಬುದು ಕಂಪನಿಯ ರೀತಿ. ಪರದೆ ಎಳೆಯುವವರು ಎಣ್ಣೆ ತುಂಬಿದ ಪಣತಿಗಳನ್ನು ಸಿದ್ಧ ಇಟ್ಟುಕೊಂಡಿರುತ್ತಾರೆ. ತಕ್ಷಣ ಹೊತ್ತಿಸಿ ರಂಗದ ಮುಂದಿನ ಅಂಚಿಗೆ ಸಾಲಾಗಿ ಇಡುತ್ತಾರೆ. ಪಾತ್ರ ಮಾಡುವವರು ಆಟ ಮುಂದುವರಿಸುತ್ತಾರೆ. ಆ ಸಾಲಿನಿಂದ ಎಷ್ಟು ಹಿಂದೆ ನಿಂತರೆ ಸೀರೆಗೆ ದೀಪ ತಾಗುವುದಿಲ್ಲ ಎಂಬುದು ಕಂಪನಿಯ ಹೆಣ್ಣುಮಕ್ಕಳ ಪಾದಕ್ಕೆ ಗೊತ್ತು. ಅವರು ಕೆಳಗೆ ನೋಡುವುದೇ ಇಲ್ಲ.

ಪಣತಿ ಸಾಲು ಬಂದಿತು. ಕೆಳಗಿನಿಂದ ಬೆಳಕು ಬಿದ್ದು ಭಾರತಿ ಪುಸ್ತಕದಲ್ಲಿದ್ದವಳೇ ಆಗಿಹೋದಳು. ಅವಳು ನಗುತ್ತಿದ್ದಳು. ಕೆಳಗೆ ನೋಡಲಿಲ್ಲ. ಅವಳ ಪಾದ ಎಲ್ಲಿ ಇರಬೇಕೋ ಅಲ್ಲೇ ಇತ್ತು.

ನಾನು ಎದ್ದು ನಿಂತು, "ಹಿಂದ ಸರಿಯೇ! ಭಾರತೀ, ಹಿಂದ ಸರಿ!" ಎಂದು ಕೂಗಿದೆ.

"ಕುಂದರಬೇ ಮುದುಕಿ, ಕಾಣಂಗಿಲ್ಲ!" ಎಂದು ಹಿಂದಿನಿಂದ ಯಾರೋ ನನ್ನ ಸೆರಗು ಹಿಡಿದು ಎಳೆದರು.

ಅವಳು ತಿರುಗಿದಳು. ಲಂಗ ಎದ್ದು ಮುಂದೆ ಬಂದು ಪಣತಿಗಳ ಮೇಲೆ ಹಾದುಹೋಯಿತು. ಮೊದಲು ಕೆಳಗಿನ ಅಂಚಿನಲ್ಲಿ ಒಂದು ಹಳದಿ ಗೆರೆ ಕಂಡಿತು. ಆಮೇಲೆ ಪದರ ಪದರದ ನಡುವೆ ಇದ್ದ ಗಾಳಿಗೆ ಬೆಂಕಿ ಒಳಗಿನಿಂದ ಹತ್ತಿ, ಭಗ್ ಎಂದು ಅವಳ ಕುತ್ತಿಗೆಯವರೆಗೆ ಎದ್ದಿತು. ಅವಳು ಇನ್ನೂ ಅರ್ಧ ಸುತ್ತು ತಿರುಗುತ್ತಲೇ ಇದ್ದಳು.

ಮರುಗಳಿಗೆ ಹಿಂದಿನ ಸಾಲಿನಿಂದ ಸೀಟಿ ಬಂತು. ಎಲ್ಲರೂ ಎದ್ದು ನಿಂತರು. ಚಪ್ಪಾಳೆ, ಕೇಕೆ. ಚಿಲ್ಲರೆ ದುಡ್ಡು ರಂಗದ ಮೇಲೆ ಬಿದ್ದು ಸದ್ದಾಯಿತು. ಹುಚ್ಚಪ್ಪನವರ ಕಂಪನಿ, ಬೆಂಕಿಯ ಟ್ರಿಕ್ಕಿಗೆ ಹೆಸರಾದ ಕಂಪನಿ. ಬೆಂಕಿ ನೋಡಲೆಂದೇ ಬಂದ ಜನ. ಈ ಸಲ ಮನೆಯ ಬದಲು ಹೆಣ್ಣನ್ನೇ ಉರಿಸಿ ತೋರಿಸುತ್ತಿದ್ದಾರೆ ಎಂದುಕೊಂಡರು.

"ವನ್ಸ್ ಮೋರ್!" ಎಂದಿತು ಒಂದು ದನಿ. ಆಮೇಲೆ ಇಡೀ ಥಿಯೇಟರು. "ವನ್ಸ್ ಮೋರ್! ವನ್ಸ್ ಮೋರ್!"

ಅವಳು ಕಿರುಚಿದ್ದು ಆ ಕೂಗಿನಲ್ಲಿ ನನಗೂ ಕೇಳಿಸಲಿಲ್ಲ. ಬಾಯಿ ತೆರೆದದ್ದು ಮಾತ್ರ ಕಂಡಿತು. ನಾನು ರಂಗದ ಕಟ್ಟೆಗೆ ಕೈ ಹಚ್ಚಿ ಏರಲು ನೋಡಿದೆ, ಎತ್ತರಕ್ಕೆ ಏರಲಾಗಲಿಲ್ಲ. ಉಮೇಶ ಒಳಗಿನಿಂದ ಕಂಬಳಿ ಹಿಡಿದು ಓಡಿಬಂದು ಅವಳ ಮೇಲೆ ಬಿದ್ದು ಉರುಳಾಡಿದ. ಅದಕ್ಕೂ ಚಪ್ಪಾಳೆ ಬಿತ್ತು. ಹುಚ್ಚಪ್ಪನವರು ಓಡಿಬಂದು ಎರಡೂ ಕೈ ಮುಗಿದು, "ಖರೇ ಬೆಂಕಿ ಐತ್ರೋ, ನಿಮ್ಮ ಕಾಲ ಬೀಳ್ತೀನಿ, ನೀರ ತರ್ರೋ" ಎಂದು ಅಳತೊಡಗಿದರು. ಅವರ ಅಳುವಿಗೂ ಒಬ್ಬ ಸೀಟಿ ಹೊಡೆದ.

ಆ ರಾತ್ರಿಯೇ ಜೀಪಿನಲ್ಲಿ ಅವಳನ್ನು ಹುಬ್ಬಳ್ಳಿಯ ದವಾಖಾನೆಗೆ ಒಯ್ದರು. ಉಮೇಶ ಜೊತೆಗೆ ಹೋದ. ಮರುದಿನ ಅವಳ ಸೀರೆ, ತಾಟು, ಲೋಟ ತೆಗೆದುಕೊಂಡು ಹೋಗೋಣವೆಂದು ನಾನು ಥಿಯೇಟರಿನಲ್ಲೇ ಉಳಿದಿದ್ದೆ. ಸಂಜೆ ಟ್ರಂಕು ಕಟ್ಟಿಕೊಂಡು ಹೊರಗೆ ಬರುವಾಗ ಟಿಕೆಟ್ ಕಿಟಕಿಯ ಮುಂದೆ ಒಂದು ಟ್ರ್ಯಾಕ್ಟರು ನಿಂತಿತ್ತು. ಕೊಣ್ಣೂರಿನ ಮಂದಿ. ತೊಳೆದ ಧೋತರ ಉಟ್ಟು, ಹೆಣ್ಣುಮಕ್ಕಳನ್ನೂ ಕರೆದುಕೊಂಡು ಬಂದಿದ್ದರು.

"ಆಟ ಇಲ್ರಿ ಇವತ್ತ" ಎಂದರು ಹುಚ್ಚಪ್ಪನವರು.

"ಹಂಗಂದ್ರ ಹ್ಯಾಂಗ್ರಿ ಮಾಲಕ್ರ? ಹೆಣ್ಣಮಗಳಿಗೆ ಬೆಂಕಿ ಹತ್ತೂ ಸೀನ ಭಾರಿ ಐತಂತ. ನಮ್ಮೂರವ ನಿನ್ನೆ ನೋಡಿ ಬಂದು ಹೇಳಿದ. ಅದಕ್ಕಂತನ ಅಷ್ಟ ದೂರದಿಂದ ಬಂದೀವಿ" ಎಂದ ಅವರಲ್ಲೊಬ್ಬ.

ನನಗೆ ತಡೆಯಲಾಗಲಿಲ್ಲ. ಟ್ರಂಕು ನೆಲಕ್ಕೆ ಕುಕ್ಕಿ, "ಆಕಿ ಖರೇ ಸುಟ್ಟಾಳೋ! ದವಾಖಾನ್ಯಾಗ ಬಿದ್ದಾಳ. ನಿಮ್ಮ ಮನ್ಯಾಗಿನ ಹೆಣ್ಣಮಕ್ಕಳು ಸುಟ್ಟರ ವನ್ಸ್ ಮೋರ್ ಅಂತೀರೇನೋ?" ಎಂದು ಬೊಬ್ಬೆ ಹೊಡೆದೆ. ಅವನು ಪಾಪ ಒಳ್ಳೆಯ ಮನುಷ್ಯ. ತಲೆಯ ಮೇಲಿನ ಪಟಕ ತೆಗೆದು ಕೈಯಲ್ಲಿ ಹಿಡಿದುಕೊಂಡ. "ನಮಗ ಗೊತ್ತಿಲ್ಲವ್ವ" ಎಂದ. ಟ್ರ್ಯಾಕ್ಟರಿನಲ್ಲಿದ್ದ ಹೆಂಗಸೊಬ್ಬಳು ಅವನಿಗೆ, "ಹಂಗಾದ್ರ ಆ ಸೀನ ತಗದ್ರಂತೇನು?" ಎಂದು ಕೇಳುತ್ತಿದ್ದದ್ದು ನನಗೆ ಕೇಳಿಸಿತು.

ದವಾಖಾನೆಯಲ್ಲಿ ಅವಳ ಮೇಲೆ ಸೊಳ್ಳೆಪರದೆ ಕಟ್ಟಿದ್ದರು. ಮುಖಕ್ಕೆ ಅಷ್ಟೇನೂ ತಾಗಿರಲಿಲ್ಲ. ಕುತ್ತಿಗೆಯಿಂದ ಕೆಳಗೆ ನೋಡುವ ಧೈರ್ಯ ನನಗಾಗಲಿಲ್ಲ. ಡಾಕ್ಟರು ಉಮೇಶನನ್ನು ಹೊರಗೆ ಕರೆದು ಹೇಳಬೇಕಾದ್ದು ಹೇಳಿದ್ದರು. ಅವನು ಗೋಡೆಗೆ ಆತು ಕುಳಿತಿದ್ದ. ಅವನ ಎರಡೂ ಕೈಗೆ ಪಟ್ಟಿ ಸುತ್ತಿತ್ತು. ಆ ಪುಸ್ತಕ ಯಾಕಾದರೂ ನನ್ನ ಕಣ್ಣಿಗೆ ಬಿತ್ತು ಎಂಬ ಒಂದೇ ಮಾತನ್ನು ಬಂದವರಿಗೆಲ್ಲ ಹೇಳುತ್ತಿದ್ದ.

ದಾರಿಯುದ್ದಕ್ಕೂ ನಾನು ಅವಳನ್ನು ಬೈದುಕೊಂಡೇ ಬಂದಿದ್ದೆ. ಯಾಕೆ ತೊಳೆದೆ, ನಾನು ಹೇಳಿರಲಿಲ್ಲವೇ, ನಿನ್ನ ಕಣ್ಣ ಮುಂದೆಯೇ ಸುಟ್ಟು ತೋರಿಸಿರಲಿಲ್ಲವೇ ಎಂದು. ಪರದೆಯ ಹತ್ತಿರ ಕುಳಿತಾಗ ಒಂದೂ ಬೈಗುಳ ಬಾಯಿಗೆ ಬರಲಿಲ್ಲ.

"ಚಾಚಿ ಬಂದ್ರೇನು?" ಎಂದಳು.

"ಬಂದೀನವ್ವ."

"ತೊಳದಬಿಟ್ಟೆ ಚಾಚಿ. ಸಿಟ್ಟಾಗಬ್ಯಾಡ್ರಿ. ಅದು ಏಳವಲ್ದಾಗಿತ್ತು."

"ಏನಿಲ್ಲ ತಗೋ. ಸುಮ್ಮನ ಮಲ್ಕೋ."

ಅವಳು ಕಣ್ಣು ಮುಚ್ಚಿದಳು. ನಿದ್ದೆ ಬಂತೇನೋ ಎಂದುಕೊಂಡೆ. ಆಮೇಲೆ ಕಣ್ಣು ತೆರೆದು ನನ್ನನ್ನೇ ನೋಡಿದಳು.

"ಚಾಚಿ, ಖರೇ ಹೇಳ್ರಿ. ವನ್ಸ್ ಮೋರ್ ಅಂದ್ರಲ್ಲ? ನನಗ ಕೇಳಿಸ್ತು. ಎಲ್ಲಾರೂ ಅಂದ್ರು."

ಇಡೀ ಗಜೇಂದ್ರಗಡದಲ್ಲಿ ನನ್ನ ಬಾಯಿಗೆ ಹೆದರದವರಿಲ್ಲ. ಯಾರ ಮುಖಕ್ಕಾದರೂ ಇದ್ದದ್ದು ಇದ್ದ ಹಾಗೆ ಹೇಳುವವಳು ಎಂದು ನನಗೆ ಹೆಸರು. ನಾನು ಪರದೆಯ ಅಂಚು ಸರಿ ಮಾಡುತ್ತ ಕುಳಿತೆ.

"ಅಂದ್ರವ್ವ" ಎಂದೆ.

"ನನ್ನ ಕುಣಿತಕ್ಕ?"

"ನಿನ್ನ ಕುಣಿತಕ್ಕನ. ಮತ್ಯಾತಕ್ಕ ಅಂತಾರ?"

ಅವಳ ತುಟಿಗಳು ಒಡೆದಿದ್ದವು. ಆದರೂ ನಕ್ಕಳು. "ಹಂಗಾದ್ರ ಮಾಲಕ್ರು ನನ್ನ ಬಿಡಂಗಿಲ್ಲ" ಎಂದಳು. ಸ್ವಲ್ಪ ಹೊತ್ತಾದ ಮೇಲೆ, "ವನ್ಸ್ ಮೋರ್ ಅಂದ ಮ್ಯಾಲ ಮತ್ತೊಮ್ಮೆ ಕುಣೀಬೇಕಲ್ಲ ಚಾಚಿ. ಇನ್ನೊಂದ ಲಂಗಾ ಹೊಲೀರಿ. ಈ ಸಲ ಫಟಕಡಿ ಹಾಕ್ರಿ, ತೊಳಿಯಂಗಿಲ್ಲ" ಎಂದಳು.

"ಹೊಲೀತೀನಿ" ಎಂದೆ.

ಅವಳನ್ನು ಲಕ್ಕಲಕಟ್ಟಿಗೆ ತಂದ ದಿನ, ಮಣ್ಣು ಮಾಡಲು ಬಿಳಿ ಬಟ್ಟೆ ಬೇಕು ಎಂದು ಅಡಿವೆವ್ವ ನನಗೇ ಹೇಳಿ ಕಳಿಸಿದಳು. ಭಾರತಿಯ ಮೈಮೇಲಿನ ಬಟ್ಟೆಯೆಲ್ಲ ನೀವೇ ಹೊಲಿದವರು, ಇದನ್ನೂ ನೀವೇ ತನ್ನಿ ಎಂದಿದ್ದಳಂತೆ. ನಾನು ಬಾಬುಸಾಬನ ಅಂಗಡಿಗೆ ಹೋದೆ. ಅವನಿಗೆ ಇನ್ನೂ ಸುದ್ದಿ ತಿಳಿದಿರಲಿಲ್ಲ. ಮಲಮಲ್ಲು ತೆಗಿ ಎನ್ನುತ್ತಲೇ ಹಲ್ಲು ಬಿಟ್ಟು ನಕ್ಕ.

"ಮತ್ತ ಆನಿಗೆ ಲಂಗೇನ ಭಾಬಿ? ಇಡೀ ಥಾನ ಕೊಡ್ಲೇನು? ರೇಟ ಮಾತ್ರ ಈ ಸಲ ಒಂದ ಪೈಸಾ ಇಳಸಂಗಿಲ್ಲ ನೋಡ್ರಿ, ಜಗಳಾ ಮಾಡೂದಿದ್ರ ಈಗ ಸುರು ಮಾಡ್ರಿ" ಎಂದು ಗಜಪಟ್ಟಿ ಕೈಗೆ ತೆಗೆದುಕೊಂಡ.

ನಾನು ಎಷ್ಟು ಬೇಕು ಎಂದು ಹೇಳಿದೆ. ಅಳತೆ ಕಿವಿಗೆ ಬೀಳುತ್ತಲೇ ಬಾಬುಸಾಬ ಗಜಪಟ್ಟಿಯನ್ನು ಕೆಳಗಿಟ್ಟ.